ಕೈ ಎತ್ತಿಸಬೇಡಿ, ಚೀಟಿ ಕೊಡಿ: ಪಂಚಾಯಿತಿ ಅಧ್ಯಕ್ಷರಿಗೊಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ,

ನಮಸ್ಕಾರ. ಕಳೆದ ಗ್ರಾಮಸಭೆಯ ಪಟ್ಟಿಯಲ್ಲಿದ್ದದ್ದು ಮೂರು ಕಾಮಗಾರಿ: ಕೆರೆಯ ಹೂಳೆತ್ತುವುದು, ಸ್ಮಶಾನದ ದಾರಿ, ಊರ ಬಾಗಿಲಿಗೊಂದು ಸ್ವಾಗತ ಕಮಾನು. ದುಡ್ಡಿದ್ದದ್ದು ಒಂದಕ್ಕೆ. ಒಂದೊಂದೇ ಹೆಸರು ಕೂಗಿ ಕೈ ಎತ್ತಿಸಿದಿರಿ, ಕಮಾನು ಗೆದ್ದಿತು. ಆಮೇಲೆ ಟೀ ಅಂಗಡಿಗೆ ಬಂದರೆ, "ಅದೊಂದು ಬಿಟ್ಟು ಯಾವುದಾದರೂ ಆಗಬಹುದಿತ್ತು" ಅನ್ನುವವರೇ ಹೆಚ್ಚು. ನಿಮ್ಮ ಎಣಿಕೆಯಲ್ಲಿ ಮೋಸವಿರಲಿಲ್ಲ. ಕೇಳಿದ ಪ್ರಶ್ನೆಯೇ ಅರೆಬರೆಯಾಗಿತ್ತು.

ಲೆಕ್ಕಕ್ಕೆ ನೂರು ಜನ ಅಂದುಕೊಳ್ಳಿ. ಕಮಾನಿಗೆ 41 ಕೈ, ಕೆರೆಗೆ 38, ದಾರಿಗೆ 21. ಉಳಿದ 59 ಮಂದಿಗೆ ಕಮಾನು ಕಟ್ಟಕಡೆಯದು ಅನ್ನುವುದು ಎತ್ತಿದ ಕೈಯಲ್ಲಿ ಕಾಣುವುದಿಲ್ಲ. ಅದರ ಬದಲು ಪ್ರತಿಯೊಬ್ಬರಿಂದ ಮೂರಕ್ಕೂ ಕ್ರಮ ಬರೆಸಿ, ಮೊದಲನೆಯದಕ್ಕೆ 2 ಅಂಕ, ಎರಡನೆಯದಕ್ಕೆ 1 ಕೊಡಿ. ಕಮಾನಿನವರಲ್ಲಿ 25 ಮಂದಿ ಎರಡನೆಯದಾಗಿ ಕೆರೆಯನ್ನು, 16 ಮಂದಿ ದಾರಿಯನ್ನು ಬರೆದರೆನ್ನಿ. ಕೆರೆಯವರು ದಾರಿಯನ್ನೂ ದಾರಿಯವರು ಕೆರೆಯನ್ನೂ ಬರೆದರು. ಕೂಡಿದರೆ ಕೆರೆಗೆ 122, ದಾರಿಗೆ 96, ಕಮಾನಿಗೆ 82. ಜನ ಅವರೇ, ಮನಸ್ಸೂ ಅದೇ. ಗೆದ್ದದ್ದು ಕೆರೆ.

ಇದು ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ಫ್ರಾನ್ಸಿನ ಬೋರ್ಡಾ ಎಂಬ ಗಣಿತಜ್ಞ 1770ರಲ್ಲೇ ಹೇಳಿದ್ದು. ನೀವೂ ಕ್ರಮ ಬರೆದವರೇ ಅಲ್ಲವೇ? ವಿಧಾನ ಪರಿಷತ್ತಿನ ಸ್ಥಳೀಯ ಸಂಸ್ಥೆಗಳ ಕ್ಷೇತ್ರಕ್ಕೆ ಪಂಚಾಯಿತಿ ಸದಸ್ಯರು ಮತ ಹಾಕುವುದು 1, 2, 3 ಎಂದು ಪ್ರಾಶಸ್ತ್ಯ ಬರೆದೇ. ಅಲ್ಲಿ ಅಂಕ ಕೂಡಿಸುವುದಿಲ್ಲ, ಮೊದಲ ಇಷ್ಟದವರು ಸೋತು ಹೊರಬಿದ್ದರೆ ಆ ಮತವನ್ನು ಎರಡನೆಯವರಿಗೆ ವರ್ಗಾಯಿಸುತ್ತಾರೆ, ನಿಜ. ಆದರೂ ಎರಡನೇ ಮನಸ್ಸಿಗೆ ಅಲ್ಲೊಂದು ಬೆಲೆಯಿದೆ.

ಇದರಲ್ಲೂ ಕುತಂತ್ರ ನಡೆಯುತ್ತದೆ, ಮುಚ್ಚಿಡುವುದಿಲ್ಲ. ಕಮಾನಿನ 41 ಮಂದಿಯೂ ಬೇಕಂತಲೇ ಕೆರೆಯನ್ನು ಕೊನೆಗೆ ತಳ್ಳಿದರೆ ಕೆರೆ 97ಕ್ಕೆ ಇಳಿಯುತ್ತದೆ. ಆದರೆ ಆಗ ದಾರಿ 121ಕ್ಕೆ ಏರಿ ಗೆಲ್ಲುತ್ತದೆ. ಕಮಾನು 82ರಲ್ಲೇ ನಿಂತಿರುತ್ತದೆ! ಆಯ್ಕೆಗಳು ಎರಡನ್ನು ದಾಟಿದ ಮೇಲೆ ಕ್ರಮಗಳನ್ನು ಕೂಡಿಸುವ ಯಾವ ಪದ್ಧತಿಯೂ ಪೂರ್ತಿ ನಿರ್ದೋಷಿಯಲ್ಲವೆಂದು ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1951ರಲ್ಲಿ ಗಣಿತದಿಂದಲೇ ತೋರಿಸಿದ್ದಾರೆ. ಹಾಗೆಂದು ಇದ್ದುದರಲ್ಲಿ ಒರಟಾದದ್ದನ್ನೇ ಹಿಡಿದು ಕೂರಬೇಕಿಲ್ಲ. ಸಾಲ ಕೊಟ್ಟವರು ಮುಂದಿನ ಸಾಲಿನಲ್ಲಿ ಕೂತು ಹಿಂತಿರುಗಿ ನೋಡುತ್ತಿದ್ದರೆ ಎಷ್ಟು ಕೈ ಮೇಲೇಳುತ್ತವೆಂಬುದು ನಿಮಗೂ ಗೊತ್ತು.

ಓದು ಬಾರದವರಿಗೆ ಹುಣಸೆ ಬೀಜ ಕೊಟ್ಟು ಮಡಕೆಗೆ ಹಾಕಿಸೋಣವೆಂದಿದ್ದೆ. ಎಲ್ಲ ಬೀಜವನ್ನೂ ಒಂದೇ ಮಡಕೆಗೆ ಸುರಿಯುವ ನಮ್ಮೂರ ಜಾಣರು ನೆನಪಾಗಿ ಕೈಬಿಟ್ಟೆ. ಚಿತ್ರವಿರುವ ಚೀಟಿ ಸಾಕು: ಮೊದಲ ಇಷ್ಟದ ಮುಂದೆ ಎರಡು ಗೀಟು, ಎರಡನೆಯದರ ಮುಂದೆ ಒಂದು. ಎಣಿಕೆ ಅಲ್ಲೇ, ಎಲ್ಲರೆದುರು, ಕರಿಹಲಗೆಯ ಮೇಲೆ ಆಗಲಿ.

ಮುಂದಿನ ಸಭೆಗೆ ಚರಂಡಿ, ಬೀದಿದೀಪ, ಅಂಗನವಾಡಿ ಚಾವಣಿ ಎಂದು ನೋಟಿಸ್ ಬೋರ್ಡಿನಲ್ಲಿ ಅಂಟಿಸಿದ್ದೀರಿ. ಮೂರರ ಚಿತ್ರವನ್ನೂ ನಾನೇ ಬಿಡಿಸಿ ಪಿಡಿಒ ಅವರ ಕೈಗೆ ಕೊಡುತ್ತೇನೆ. ಜೆರಾಕ್ಸ್ ಖರ್ಚು ಮಾತ್ರ ಪಂಚಾಯಿತಿಯದು.

ಇಂತಿ,
ಎರಡನೇ ವಾರ್ಡಿನ ಮತದಾರ