ಒಂದು ಅಕ್ಷರ ಬದಲಾದಾಗ: ಮಗಳಿಗೊಂದು ಪತ್ರ

ಮುದ್ದು ಮಗಳೇ,

ಬಯಾಲಜಿ ಅಂದರೆ ಬರೀ ಬಾಯಿಪಾಠ, ಒಂದು ಪಾಠಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ ಅಂತ ಮೊನ್ನೆ ಹೇಳಿದೆಯಲ್ಲ, ಆ ಮಾತು ಮನಸ್ಸಿನಲ್ಲೇ ಉಳಿದುಬಿಟ್ಟಿದೆ. ಡಿಎನ್‌ಎ ಒಂದು ಕಡೆ, ಮೆಂಡೆಲ್‌ನ ಬಟಾಣಿ ಇನ್ನೊಂದು ಕಡೆ, ವರ್ಗೀಕರಣದ ಉದ್ದುದ್ದ ಹೆಸರುಗಳು ಮತ್ತೊಂದು ಕಡೆ, ಎಲ್ಲ ಮುಗಿದ ಮೇಲೆ ಪರಿಸರ. ಪುಸ್ತಕದಲ್ಲಿ ಹಾಗೆ ಬಿಡಿಬಿಡಿಯಾಗಿಯೇ ಇದೆ, ನಿಜ. ಆದರೆ ನಾನು ಲ್ಯಾಬಿನಲ್ಲಿ ನೋಡುವ ರಕ್ತದ ಸ್ಲೈಡಿನಲ್ಲಿ ಇವೆಲ್ಲ ಒಟ್ಟಿಗೇ ಇರುತ್ತವೆ. ಒಂದೇ ಒಂದು ಕಾಯಿಲೆಯ ಬೆನ್ನು ಹತ್ತಿದರೂ ಸಾಕು, ನಿನ್ನ ಪುಸ್ತಕದ ಮೊದಲ ಪಾಠದಿಂದ ಕೊನೆಯ ಪಾಠದವರೆಗೆ ಹೋಗಬಹುದು. ಆ ಕಾಯಿಲೆ ಸಿಕಲ್ ಸೆಲ್, ಕುಡುಗೋಲು ಕಣದ ರಕ್ತಹೀನತೆ.

ಒಂದು ಹನಿ ರಕ್ತವನ್ನು ಸ್ಲೈಡಿನ ಮೇಲೆ ತೆಳ್ಳಗೆ ಎಳೆದು, ಒಣಗಿಸಿ, ಲೀಶ್‌ಮನ್ ಸ್ಟೇನ್ ಎಂಬ ಬಣ್ಣ ಹಾಕಿ ತೊಳೆದು, ಮೇಲೊಂದು ಹನಿ ಎಣ್ಣೆ ಬಿಟ್ಟು ನೂರರ ಲೆನ್ಸ್ ಇಳಿಸುತ್ತೇವೆ. ಕೆಂಪು ರಕ್ತಕಣಗಳು ದುಂಡಗೆ, ನಡುವೆ ತುಸು ಬಿಳಿಚಿಕೊಂಡು, ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಕಾಣುತ್ತವೆ. ಅಡ್ಡಗಲ 7ರಿಂದ 8 ಮೈಕ್ರಾನ್. ಸಿಕಲ್ ಸೆಲ್ ಇರುವವರ ಸ್ಲೈಡಿನಲ್ಲಿ ಇವುಗಳ ನಡುವೆಯೇ ಕೆಲವು ಕಣಗಳು ಉದ್ದಕ್ಕೆ ಎಳೆದುಕೊಂಡು, ತುದಿ ಚೂಪಾಗಿ, ಬಾಗಿ ಬಿದ್ದಿರುತ್ತವೆ. ಸಣ್ಣ ರಕ್ತನಾಳದಲ್ಲಿ ಇವು ಸಿಕ್ಕಿಕೊಂಡರೆ ಅಲ್ಲಿಂದ ಮುಂದಕ್ಕೆ ರಕ್ತ ಹರಿಯುವುದಿಲ್ಲ. ಆಗ ಬರುವ ನೋವನ್ನು ಮಕ್ಕಳು ತಾಳಲಾರರು. ಮಾಮೂಲಿ ಕಣ ಸುಮಾರು 120 ದಿನ ಬದುಕುತ್ತದೆ, ಇವು 10ರಿಂದ 20 ದಿನಕ್ಕೇ ಒಡೆದುಹೋಗುತ್ತವೆ. ರಕ್ತಹೀನತೆ ಬರುವುದು ಅದರಿಂದ.

ಕಣ ಬಾಗುವುದೇಕೆ? ಇಲ್ಲಿ ನಿನ್ನ ಮೊದಲ ಪಾಠ ಬೇಕು. ನಮ್ಮ ಡಿಎನ್‌ಎಯ ಒಂದು ಪೂರ್ತಿ ಪ್ರತಿಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ, ಎಲ್ಲವೂ ಎ, ಟಿ, ಜಿ, ಸಿ ಎಂಬ ನಾಲ್ಕರಲ್ಲೇ ಬರೆದದ್ದು. ಮೂರು ಮೂರು ಅಕ್ಷರ ಸೇರಿ ಒಂದು ಅಮೈನೋ ಆಮ್ಲವನ್ನು, ಅಂದರೆ ಪ್ರೋಟೀನ್ ಸರಪಣಿಯ ಒಂದು ಕೊಂಡಿಯನ್ನು, ಹೇಳುತ್ತವೆ. ಹೀಗೆ 64 ಪದಗಳಾಗುತ್ತವೆ, ಅಮೈನೋ ಆಮ್ಲಗಳು 20, ಮೂರು ಪದಗಳು 'ಇಲ್ಲಿಗೆ ನಿಲ್ಲಿಸು' ಎನ್ನಲು. ಈ ಪಟ್ಟಿಯನ್ನು ಬಿಡಿಸಿದವರಲ್ಲಿ ಹರಗೋಬಿಂದ್ ಖುರಾನಾ ಒಬ್ಬರು. ನೈರೆನ್‌ಬರ್ಗ್ ಮತ್ತು ಹಾಲಿ ಅವರೊಂದಿಗೆ 1968ರಲ್ಲಿ ನೊಬೆಲ್ ಬಂತು. ನೀನು ಬೈದುಕೊಂಡು ನೋಡುವ ಆ ಕೋಡಾನ್ ಟೇಬಲ್ ಅವರೆಲ್ಲರ ವರ್ಷಗಟ್ಟಲೆ ದುಡಿಮೆ, ಕಂದಾ. ಅದನ್ನು ಉರು ಹೊಡೆಯಬೇಡ, ಓದುವುದನ್ನು ಕಲಿ.

ಕೆಂಪು ಕಣದೊಳಗೆ ಆಕ್ಸಿಜನ್ ಹೊರುವ ಪ್ರೋಟೀನ್ ಹಿಮೋಗ್ಲೋಬಿನ್. ಅದರ ಬೀಟಾ ಎಂಬ ಸರಪಣಿಯಲ್ಲಿ 146 ಅಮೈನೋ ಆಮ್ಲಗಳಿವೆ. ಈ ಸರಪಣಿಯ ವಂಶವಾಹಿ ಇರುವುದು 11ನೇ ವರ್ಣತಂತುವಿನಲ್ಲಿ. ಆರನೆಯ ಜಾಗದಲ್ಲಿ ಜಿಎಜಿ ಇರಬೇಕು, ಅಂದರೆ ಗ್ಲುಟಾಮಿಕ್ ಆಮ್ಲ. ಸಿಕಲ್ ಸೆಲ್‌ನಲ್ಲಿ ಅಲ್ಲಿ ಜಿಟಿಜಿ ಇದೆ, ಆದ್ದರಿಂದ ವ್ಯಾಲೀನ್ ಬಂದು ಕೂರುತ್ತದೆ. ಆಗುವುದು ಇಷ್ಟೇ. ಗ್ಲುಟಾಮಿಕ್ ಆಮ್ಲ ನೀರಿನೊಂದಿಗೆ ಹೊಂದಿಕೊಳ್ಳುತ್ತದೆ, ವ್ಯಾಲೀನ್‌ಗೆ ನೀರು ಒಗ್ಗದು. ಆಕ್ಸಿಜನ್ ಬಿಟ್ಟುಕೊಟ್ಟ ಹಿಮೋಗ್ಲೋಬಿನ್‌ನಲ್ಲಿ ಈ ವ್ಯಾಲೀನ್ ಪಕ್ಕದ ಅಣುವಿನ ಮೇಲಿನ ಗುಳಿಯೊಂದಕ್ಕೆ ಅಂಟಿಕೊಳ್ಳುತ್ತದೆ, ಅದಕ್ಕೆ ಇನ್ನೊಂದು, ಮತ್ತೊಂದು. ಕಣದೊಳಗೆ ಉದ್ದನೆಯ ಗಟ್ಟಿ ಎಳೆಗಳು ಬೆಳೆದು ಕಣವನ್ನೇ ಎಳೆದು ಬಾಗಿಸುತ್ತವೆ. ರೋಗದ ಮೂಲ ಒಂದು ಅಣುವಿನಲ್ಲಿದೆ ಎಂದು ಲೈನಸ್ ಪಾಲಿಂಗ್ ತಂಡ 1949ರಲ್ಲಿ ತೋರಿಸಿತು, ಆ ಒಂದೇ ಅಮೈನೋ ಆಮ್ಲದ ಬದಲಾವಣೆಯನ್ನು 1957ರಲ್ಲಿ ವರ್ನನ್ ಇಂಗ್ರಾಮ್ ಗುರುತಿಸಿದರು. ನಮ್ಮ ಪರೀಕ್ಷೆ ಇನ್ನೂ ಸರಳ. ರಕ್ತಕ್ಕೆ ಸೋಡಿಯಂ ಮೆಟಾಬೈಸಲ್ಫೈಟ್ ಬೆರೆಸಿ, ಕವರ್ ಸ್ಲಿಪ್ ಮುಚ್ಚಿ, ಅಂಚಿನಲ್ಲಿ ಗಾಳಿಯಾಡದಂತೆ ಮಾಡಿ ಬಿಡುತ್ತೇವೆ. ಆಕ್ಸಿಜನ್ ಕಡಿಮೆಯಾಗುತ್ತಾ ಹೋದಂತೆ ದುಂಡಗಿದ್ದ ಕಣಗಳೇ ಬಾಗುತ್ತವೆ. ಇಷ್ಟು ವರ್ಷಗಳ ಮೇಲೂ ಅದನ್ನು ನೋಡಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಮೆಂಡೆಲ್‌ನ ಪಾಠಕ್ಕೆ ಬಾ. ತಂದೆ ತಾಯಿ ಇಬ್ಬರಿಂದಲೂ ಬದಲಾದ ಪ್ರತಿ ಬಂದರೆ ಮಾತ್ರ ಕಾಯಿಲೆ. ಒಬ್ಬರಿಂದ ಬಂದರೆ ವಾಹಕರು, ನಾವು ಟ್ರೇಟ್ ಎನ್ನುತ್ತೇವೆ, ಅವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಇಬ್ಬರು ವಾಹಕರಿಗೆ ಹುಟ್ಟುವ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ರಿಪೋರ್ಟ್ ತೆಗೆದುಕೊಳ್ಳಲು ಬಂದ ತಂದೆತಾಯಿ ಕೇಳುತ್ತಾರೆ, 'ಮೊದಲನೆಯದಕ್ಕೆ ಬಂದಾಯಿತಲ್ಲ, ಇನ್ನು ಮೂರು ಮಕ್ಕಳಿಗೆ ಭಯವಿಲ್ಲ ಅಲ್ಲವೇ?' ಹಾಗಲ್ಲ. ಪ್ರತಿ ಸಲವೂ ನಾಲ್ಕರಲ್ಲಿ ಒಂದೇ, ಹಿಂದೆ ಏನಾಯಿತು ಎಂಬುದರ ಲೆಕ್ಕ ಅಲ್ಲಿ ಇಲ್ಲ. ನೀನು ಬಿಡಿಸುವ ಆ ನಾಲ್ಕು ಚೌಕದ ಚಿತ್ರ ಒಂದು ಸಂಸಾರಕ್ಕೆ ಎಷ್ಟು ದೊಡ್ಡ ವಿಷಯ ನೋಡು. ಇನ್ನೊಂದು ಸೂಕ್ಷ್ಮವೂ ಇದೆ. ಕಾಯಿಲೆಯ ದೃಷ್ಟಿಯಿಂದ ಈ ವಂಶವಾಹಿ ರಿಸೆಸಿವ್, ಅಂದರೆ ಅಪ್ರಬಲ, ಆದರೆ ವಾಹಕರ ಹಿಮೋಗ್ಲೋಬಿನ್ ಅನ್ನು ಎಲೆಕ್ಟ್ರೋಫೊರೆಸಿಸ್‌ಗೆ, ಅಂದರೆ ವಿದ್ಯುತ್ ಹರಿಸಿ ಪ್ರೋಟೀನುಗಳನ್ನು ಬೇರ್ಪಡಿಸುವ ಪರೀಕ್ಷೆಗೆ, ಹಾಕಿದರೆ ಎರಡೂ ಬಗೆಯ ಪಟ್ಟಿಗಳು ಕಾಣುತ್ತವೆ. ಪ್ರಬಲ ಯಾವುದು ಎನ್ನುವುದು ಎಲ್ಲಿ ನಿಂತು ನೋಡುತ್ತೇವೆ ಎಂಬುದರ ಮೇಲಿದೆ.

ಇಷ್ಟು ಕೆಟ್ಟ ಅಕ್ಷರ ಭೂಮಿಯಿಂದ ಏಕೆ ಅಳಿದುಹೋಗಲಿಲ್ಲ ಎಂದು ನೀನು ಕೇಳಬೇಕು, ಕೇಳಲೇಬೇಕು. 1954ರಲ್ಲಿ ಆಂಥೊನಿ ಆಲಿಸನ್ ಪೂರ್ವ ಆಫ್ರಿಕಾದಲ್ಲಿ ಮಾಡಿದ ಅಧ್ಯಯನದಿಂದ ಇದಕ್ಕೆ ಉತ್ತರ ಕೊಟ್ಟರು. ವಾಹಕರಿಗೆ ತೀವ್ರ ಮಲೇರಿಯಾದಿಂದ ಬಹಳ ಮಟ್ಟಿಗೆ ರಕ್ಷಣೆ ಇದೆ. ಎರಡು ಪ್ರತಿ ಇದ್ದವರು ಸಿಕಲ್ ಸೆಲ್‌ಗೆ, ಒಂದೂ ಇಲ್ಲದವರು ಮಲೇರಿಯಾಕ್ಕೆ ಹೆಚ್ಚು ತುತ್ತಾದರು. ಒಂದು ಪ್ರತಿ ಇದ್ದವರು ಉಳಿದರು. ನೈಸರ್ಗಿಕ ಆಯ್ಕೆಗೆ ಇದಕ್ಕಿಂತ ಸ್ಪಷ್ಟವಾದ, ಇದಕ್ಕಿಂತ ಸಂಕಟದ ಉದಾಹರಣೆ ನನಗೆ ಗೊತ್ತಿಲ್ಲ.

ಇನ್ನು ನಿನಗೆ ಎಲ್ಲಕ್ಕಿಂತ ಬೇಸರದ ವರ್ಗೀಕರಣ. ಕುಲದ ಹೆಸರು, ಆಮೇಲೆ ಪ್ರಭೇದದ ಹೆಸರು: ಗಿಡಗಳಿಗೆ ಈ ಜೋಡಿ ಹೆಸರಿನ ಪದ್ಧತಿಯನ್ನು ಲಿನೇಯಸ್ 1753ರಲ್ಲಿ ನೆಲೆಗೊಳಿಸಿದ. ಮಲೇರಿಯಾ ತರುವ ಜೀವಿಯ ಕುಲದ ಹೆಸರು ಪ್ಲಾಸ್ಮೋಡಿಯಂ, ಆದರೆ ರಿಪೋರ್ಟಿನಲ್ಲಿ ಅಷ್ಟೇ ಬರೆದರೆ ಸಾಲದು. ಫಾಲ್ಸಿಪಾರಂ ಆದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಅಪಾಯ. ವೈವ್ಯಾಕ್ಸ್ ಆದರೆ ಲಿವರಿನಲ್ಲಿ ತಿಂಗಳುಗಟ್ಟಲೆ ಅಡಗಿ ಕೂತು ಮತ್ತೆ ಎದ್ದು ಬರುತ್ತದೆ, ಅದಕ್ಕೆ ಬೇರೆ ಔಷಧಿಯೂ ಸೇರಬೇಕು. ಹೆಸರು ತಪ್ಪಿದರೆ ಚಿಕಿತ್ಸೆಯೇ ತಪ್ಪುತ್ತದೆ.

ಈ ಪ್ಲಾಸ್ಮೋಡಿಯಂ ಬ್ಯಾಕ್ಟೀರಿಯಾ ಅಲ್ಲ, ಕೋಶಕೇಂದ್ರ ಇರುವ ಏಕಕೋಶ ಜೀವಿ. ಅದರೊಳಗೆ ಎಪಿಕೋಪ್ಲಾಸ್ಟ್ ಎಂಬ ಸಣ್ಣ ಅಂಗಕವಿದೆ. ಪಾಚಿಯೊಂದರಿಂದ ಬಂದ ಹರಿತ್ಕಣದ ಅವಶೇಷ ಅದು! ದ್ಯುತಿಸಂಶ್ಲೇಷಣೆ ಎಂದೋ ನಿಂತುಹೋಗಿದೆ, ಆದರೂ ಅದಿಲ್ಲದೆ ಈ ಪರೋಪಜೀವಿ ಬದುಕಲಾರದು. ಆ ಅಂಗಕದ ರೈಬೋಸೋಮ್ ಬ್ಯಾಕ್ಟೀರಿಯಾಗಳ ಮನೆತನದ್ದು, ಹಾಗಾಗಿಯೇ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವ ಡಾಕ್ಸಿಸೈಕ್ಲಿನ್ ಎಂಬ ಔಷಧಿ ಮಲೇರಿಯಾ ತಡೆಯಲೂ ಕೆಲಸಕ್ಕೆ ಬರುತ್ತದೆ. ಯಾರಿಗೆ ಯಾರು ನೆಂಟರು ಎಂದು ತಿಳಿದರೆ ಔಷಧಿಯ ದಾರಿಯೂ ತಿಳಿಯುತ್ತದೆ.

ಸೊಳ್ಳೆಯದೂ ಇದೇ ಕಥೆ. ಮಲೇರಿಯಾ ಹರಡುವುದು ಅನಾಫಿಲಿಸ್ ಕುಲದ ಸೊಳ್ಳೆ. ಯೂರೋಪಿನ ಕೆಲವು ಕಡೆ ಅದು ಹೇರಳವಾಗಿತ್ತು, ಮಲೇರಿಯಾ ಮಾತ್ರ ಇರಲಿಲ್ಲ. ತುಂಬಾ ದಿನ ಅದೊಂದು ಒಗಟಾಗಿತ್ತು. 1920ರ ದಶಕದಲ್ಲಿ ಮೊಟ್ಟೆಗಳನ್ನು ಹತ್ತಿರದಿಂದ ನೋಡಿದಾಗ ಗೆರೆ, ಬಣ್ಣ ಬೇರೆ ಬೇರೆ ಇದ್ದವು. ಒಂದೇ ಎಂದುಕೊಂಡಿದ್ದ ಸೊಳ್ಳೆ ನಿಜವಾಗಿ ಹಲವು ಪ್ರಭೇದ, ಕೆಲವಕ್ಕೆ ಮನುಷ್ಯನಿಗಿಂತ ದನಗಳ ರಕ್ತವೇ ಹಿತ.

ಕೊನೆಯ ಪಾಠ ಪರಿಸರ. ಆಫ್ರಿಕಾದ ಅನಾಫಿಲಿಸ್ ಗ್ಯಾಂಬಿಯೇ ಸೊಳ್ಳೆ ಬಿಸಿಲು ಬೀಳುವ ಸಣ್ಣ ಗುಂಡಿಗಳ ನೀರಿನಲ್ಲಿ ಮೊಟ್ಟೆ ಇಡುತ್ತದೆ. ದಟ್ಟ ಕಾಡಿನ ನೆರಳಲ್ಲಿ ಅಂಥ ಜಾಗ ಕಡಿಮೆ. ಕಾಡು ಕಡಿದು ಬೇಸಾಯ ಶುರುವಾದ ಮೇಲೆ ಗುಂಡಿಗಳಿಗೆ ಬಿಸಿಲು ಬಿತ್ತು, ಜನ ಒಂದೆಡೆ ನೆಲೆಸಿದರು, ಸೊಳ್ಳೆಗೆ ರಕ್ತವೂ ನೀರೂ ಹತ್ತಿರದಲ್ಲೇ ಸಿಕ್ಕವು, ಮಲೇರಿಯಾ ಬೇರೂರಿತು, ಅದರೊಂದಿಗೆ ಸಿಕಲ್ ಅಕ್ಷರವೂ ಹರಡಿತು. ಪಶ್ಚಿಮ ಆಫ್ರಿಕಾವನ್ನು ಅಧ್ಯಯನ ಮಾಡಿ 1958ರಲ್ಲಿ ಫ್ರಾಂಕ್ ಲಿವಿಂಗ್‌ಸ್ಟನ್ ಮಂಡಿಸಿದ ವಾದ ಇದು. ಕಾಡಿಗೆ ಬಿದ್ದ ಕೊಡಲಿ ಏಟಿಗೂ 11ನೇ ವರ್ಣತಂತುವಿನ ಒಂದು ಅಕ್ಷರಕ್ಕೂ ನಂಟಿದೆ ಎಂದರೆ, ಪಾಠಗಳಿಗೆ ಸಂಬಂಧವಿಲ್ಲ ಎಂದು ಹೇಗೆ ಹೇಳುತ್ತೀ?

2023ರ ಕೊನೆಯಲ್ಲಿ ಸಿಕಲ್ ಸೆಲ್‌ಗೆ ಕ್ರಿಸ್ಪರ್ ಚಿಕಿತ್ಸೆಗೂ, ಅಂದರೆ ಡಿಎನ್‌ಎಯನ್ನು ಬೇಕಾದ ಕಡೆ ಕತ್ತರಿಸುವ ಚಿಕಿತ್ಸೆಗೂ, ಒಪ್ಪಿಗೆ ಸಿಕ್ಕಿತು. ಅದು ಆ ತಪ್ಪು ಅಕ್ಷರವನ್ನು ಮುಟ್ಟುವುದೇ ಇಲ್ಲ. ಹೊಟ್ಟೆಯೊಳಗಿನ ಮಗು ಬಳಸುವ ಹಿಮೋಗ್ಲೋಬಿನ್ ಬೇರೆ, ಹುಟ್ಟಿದ ಮೇಲೆ ಅದು ನಿಂತುಹೋಗುತ್ತದೆ. ನಿಲ್ಲಿಸುವ ಆ ಸ್ವಿಚ್ಚನ್ನು ಕತ್ತರಿಸಿ ಹಳೆಯದನ್ನೇ ಮತ್ತೆ ಶುರು ಮಾಡುತ್ತಾರೆ. ಅದರ ವಿವರ ಇನ್ನೊಮ್ಮೆ ಬರೆಯುತ್ತೇನೆ.

ಈಗ ನಿನಗೊಂದು ಲೆಕ್ಕ. ಒಂದು ದ್ವೀಪದಲ್ಲಿ ದೊಡ್ಡವರಾದವರಲ್ಲಿ ಐವರಿಗೊಬ್ಬರು ವಾಹಕರು ಅಂತಿಟ್ಟುಕೋ. ಮಲೇರಿಯಾ ಪೂರ್ತಿ ಹೋಯಿತು. ಕಾಯಿಲೆ ಇರುವ ಮಕ್ಕಳು ಚಿಕಿತ್ಸೆಯಿಲ್ಲದೆ ದೊಡ್ಡವರಾಗುವ ಮೊದಲೇ ತೀರಿಕೊಳ್ಳುತ್ತಾರೆ. ಹತ್ತು ತಲೆಮಾರಿನ ನಂತರ ಎಷ್ಟು ಜನ ವಾಹಕರು ಉಳಿಯುತ್ತಾರೆ? ನಾಲ್ಕು ಚೌಕದಿಂದಲೇ ಶುರು ಮಾಡು. ಮೊದಲು ಒಂದು ಅಂದಾಜು ಬರೆದಿಡು, ಆಮೇಲೆ ಲೆಕ್ಕ ಮಾಡು, ಎರಡನ್ನೂ ನನಗೆ ಕಳಿಸು.

ನಿನ್ನ,
ಅಮ್ಮ