ಗುಂಯ್ ಸದ್ದಿಗೆ ಅರ್ಥಿಂಗ್ ತೆಗೆಯಬೇಡಿ

ಮಾನ್ಯರೇ,

ಮನೆಯಲ್ಲೇ ಆಂಪ್ಲಿಫೈಯರ್ ಜೋಡಿಸುವವರಲ್ಲಿ ಕೆಟ್ಟ ರೂಢಿಯೊಂದಿದೆ. ಸ್ಪೀಕರ್ ಗುಂಯ್ ಎಂದರೆ ಸಾಕು, ಪ್ಲಗ್ಗಿನ ಅರ್ಥಿಂಗ್ ತಂತಿ ಬಿಚ್ಚಿಬಿಡುತ್ತಾರೆ. ಸದ್ದು ಎಷ್ಟೋ ಸಲ ನಿಲ್ಲುತ್ತದೆ, ನಿಜ. ಆದರೆ ಟ್ರಾನ್ಸ್‌ಫಾರ್ಮರಿನ ಪ್ರೈಮರಿ ತಂತಿ ಕಬ್ಬಿಣದ ಡಬ್ಬಿಗೆ ತಗುಲಿದ ದಿನ ಫ್ಯೂಸ್ ಹೋಗುವುದಿಲ್ಲ. ಡಬ್ಬಿಯಲ್ಲಿ 230 ವೋಲ್ಟ್ ನಿಂತಿರುತ್ತದೆ. ದಯವಿಟ್ಟು ಹೀಗೆ ಮಾಡಬೇಡಿ.

ಮೊದಲು ಇನ್‌ಪುಟ್ ಕೇಬಲ್ ಕಿತ್ತು ಕೇಳಿ. ಸದ್ದು ನಿಂತರೆ ಅದು ಹೆಚ್ಚಾಗಿ ಅರ್ಥಿಂಗ್ ಲೂಪ್. ಕಂಪ್ಯೂಟರಿನ ಅರ್ಥಿಂಗೂ ಆಂಪ್ಲಿಫೈಯರಿನದೂ ಕೇಬಲ್ಲಿನ ಶೀಲ್ಡ್ (ಹೊರಜಾಲರಿ) ಮೂಲಕ ಸುತ್ತುಗಟ್ಟಿರುತ್ತವೆ. ಡಬ್ಬಿಗೆ ಅರ್ಥಿಂಗ್ ನೇರವಾಗಿಯೇ ಇರಲಿ. ಸರ್ಕ್ಯೂಟಿನ ಸೊನ್ನೆ ವೋಲ್ಟ್ ಮಾತ್ರ 10 ಓಮ್, 5 ವಾಟ್ ರೆಸಿಸ್ಟರ್ ಮೂಲಕ ಡಬ್ಬಿಗೆ ಸೇರಲಿ. 25 ಆಂಪಿಯರ್ ಬ್ರಿಡ್ಜ್ (ನಾಲ್ಕು ಡಯೋಡುಗಳಿರುವ ಬಿಲ್ಲೆ) ಒಂದರ ಪ್ಲಸ್, ಮೈನಸ್ ಕಾಲುಗಳನ್ನು ಒಟ್ಟಿಗೆ ಬೆಸೆದು, ಎರಡು ಎಸಿ ಕಾಲುಗಳನ್ನು ಆ ರೆಸಿಸ್ಟರಿನ ಎರಡು ತುದಿಗೆ ಹಾಕಿ. ಲೂಪಿನ ಸಣ್ಣ ಕರೆಂಟನ್ನು ರೆಸಿಸ್ಟರ್ ತಡೆಯುತ್ತದೆ, ಷಾರ್ಟ್ ಆದಾಗ ಡಯೋಡುಗಳು ಹರಿಸಿ ಫ್ಯೂಸ್ ಹಾರಿಸುತ್ತವೆ. ಇನ್‌ಪುಟ್ ಸಾಕೆಟ್ಟಿನ ಮೈ ಡಬ್ಬಿಗೆ ತಾಗಿದ್ದರೆ ಇಷ್ಟೂ ವ್ಯರ್ಥ. ಪ್ಲಾಸ್ಟಿಕ್ ವಾಷರ್ ಬೇಕೇ ಬೇಕು.

ಕೇಬಲ್ ಕಿತ್ತು ಇನ್‌ಪುಟ್ ಷಾರ್ಟ್ ಮಾಡಿದರೂ ಜುಂಯ್ ಎನ್ನುತ್ತಿದ್ದರೆ, ಅದು 100 ಹರ್ಟ್ಸ್. ತಪ್ಪು ಇರುವುದು ಪವರ್ ಸಪ್ಲೈ ವೈರಿಂಗಿನಲ್ಲಿ. ಹೆಚ್ಚಿನವರು ಆಗ ಇನ್ನೂ ದೊಡ್ಡ ಕೆಪಾಸಿಟರ್ ತರುತ್ತಾರೆ. 2 ಆಂಪಿಯರ್ ಎಳೆದರೆ 4700 ಮೈಕ್ರೋಫ್ಯಾರಡ್‌ನಲ್ಲಿ ರಿಪಲ್ (ಡಿಸಿಯಲ್ಲಿ ಉಳಿಯುವ ಏರಿಳಿತ) ಸುಮಾರು 4 ವೋಲ್ಟ್, 10000ದಲ್ಲಿ 2 ವೋಲ್ಟ್. 18-0-18 ಟ್ರಾನ್ಸ್‌ಫಾರ್ಮರ್, ಎಲ್‌ಎಂ3886 ಆಂಪ್ಲಿಫೈಯರ್ ಚಿಪ್ ಇರುವಲ್ಲಿ ಒಂದೊಂದು ರೈಲಿಗೆ (ಪ್ಲಸ್, ಮೈನಸ್ ಸಪ್ಲೈಗೆ) 10000 ಧಾರಾಳ. ದೋಷ ಇರುವುದು ಸೊನ್ನೆ ತಂತಿಯಲ್ಲಿ. ಕೆಪಾಸಿಟರ್ ತುಂಬುವ ಕ್ಷಣ ಟ್ರಾನ್ಸ್‌ಫಾರ್ಮರಿನ ನಡುತಂತಿಯಲ್ಲಿ 10 ಆಂಪಿಯರ್ ಹರಿದರೆ, ಬರೀ 10 ಮಿಲಿಓಮ್‌ನಲ್ಲೂ 100 ಮಿಲಿವೋಲ್ಟ್ ಏಳುತ್ತದೆ. ಇನ್‌ಪುಟ್ಟಿನ ಗ್ರೌಂಡ್ ಅಲ್ಲಿಂದ ಎಳೆದಿದ್ದರೆ ಆ ಸದ್ದೇ ಸ್ಪೀಕರಿಗೆ ಬರುತ್ತದೆ. ನಡುತಂತಿ ಎರಡು ಕೆಪಾಸಿಟರ್ ಕೂಡುವಲ್ಲಿಗೆ ಬಂದು ಮುಗಿಯಲಿ. ಅಲ್ಲಿಂದ ಗಿಡ್ಡ, ದಪ್ಪ ತಂತಿಯೊಂದನ್ನು ಬೇರೆ ಬಿಂದುವಿಗೆ ಒಯ್ದು, ಸ್ಪೀಕರಿನ ಗ್ರೌಂಡ್, ಇನ್‌ಪುಟ್ಟಿನ ಗ್ರೌಂಡ್ ಎಲ್ಲವನ್ನೂ ಆ ಬಿಂದುವಿನಲ್ಲೇ ಬೆಸೆಯಿರಿ.

ಮೊದಲ ಸಲ ಕರೆಂಟ್ ಕೊಡುವಾಗ 60 ವಾಟಿನ ಹಳೇ ಫಿಲಮೆಂಟ್ ಬಲ್ಬು ಮೇನ್ಸ್ ತಂತಿಗೆ ಸೀರೀಸಿನಲ್ಲಿರಲಿ. ಬೆಳಗಿ ಮಂಕಾಗಬೇಕು, ಉರಿಯುತ್ತಲೇ ಇದ್ದರೆ ಕೆಪಾಸಿಟರ್ ತಲೆಕೆಳಗಾಗಿದೆ ಅಥವಾ ಎಲ್ಲೋ ಷಾರ್ಟ್ ಇದೆ.

ಇದಕ್ಕೂ ಮುಂಚೆ ಪ್ಲಗ್ಗಿನ ದಪ್ಪ ಪಿನ್ನಿಗೂ ಡಬ್ಬಿಗೂ ಮಲ್ಟಿಮೀಟರ್ ಹಿಡಿದು ನೋಡಿ, 1 ಓಮ್‌ಗಿಂತ ಕಡಿಮೆ ತೋರಿಸಬೇಕು. ಬಣ್ಣ ಕೆರೆಯದೆ ಬಿಗಿದ ಬೋಲ್ಟು ಇಲ್ಲೇ ಸಿಕ್ಕಿಬೀಳುತ್ತದೆ.

— ಓದುಗ, ತುಮಕೂರು