ಎಲ್ಲೆ ಗುರುತಿಸಲು ಹೊರಟ ಮಗಳಿಗೆ

ಚಿ॥ ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದ.

ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ, ಅಂದರೆ ಸೋಲಿಗ ಬುಡಕಟ್ಟಿನವರ ಹಾಡಿಗಳಲ್ಲಿ, ಅವರ ಎಲ್ಲೆಗಳ (ಒಂದೊಂದು ಕುಲದ ಪಾಲಿನ ಕಾಡಿನ) ನಕ್ಷೆ ಮಾಡುವ ಕೆಲಸಕ್ಕೆ ಸೇರಿದ್ದೀಯೆಂದು ನಿಮ್ಮಪ್ಪ ಹೇಳಿದ. ಸಂತೋಷ. ಜಿಪಿಎಸ್ ಹಿಡಿಯುವುದನ್ನು ಯಾರು ಬೇಕಾದರೂ ಕಲಿಸುತ್ತಾರೆ. ಮಿಕ್ಕದ್ದನ್ನು ನಾನು ಬರೆಯುತ್ತೇನೆ.

ಮೊದಲು ಹಳೆಯ ಅರಣ್ಯ ಕಡತಗಳನ್ನು ಹೇಗೆ ಓದಬೇಕೆಂದು ತಿಳಿದುಕೊ. ಬ್ರಿಟಿಷ್ ಕಾಲದ ಅಧಿಕಾರಿಗಳ ಕಣ್ಣಿಗೆ ಕುಮರಿ ಬೇಸಾಯದವರು ನೆಲೆಯಿಲ್ಲದ ಅಲೆಮಾರಿಗಳು, ಕಾಡು ಹಾಳುಗೆಡವುವವರು. ಸೋಲಿಗರು ಒಂದು ತುಂಡು ಕಾಡು ಸವರಿ, ಸುಟ್ಟು, ರಾಗಿ ಬೆಳೆದು, ನೆಲ ಸೊರಗುವ ಮುಂಚೆ ಬೀಳು ಬಿಟ್ಟು ಮುಂದಕ್ಕೆ ಹೋಗುತ್ತಿದ್ದರು. ಬೀಳು ಬಿಟ್ಟ ವರ್ಷಗಳಲ್ಲಿ ಬಂದು ನೋಡಿದ ಸಾಹೇಬರಿಗೆ ಅದು ಯಾರಿಗೂ ಸೇರದ ಕಾಡು. ಆದರೆ ಸೋಲಿಗರು ತಿರುಗುತ್ತಿದ್ದದ್ದು ತಮ್ಮ ಎಲ್ಲೆಯ ಒಳಗೇ, ಮತ್ತು ಎಲ್ಲೆಯೆಂಬುದು ಒಂದೊಂದು ಕುಲದ್ದು. 1882ರ ಮದರಾಸು ಅರಣ್ಯ ಕಾಯ್ದೆಯಾಗಲಿ, 1900ರ ಮೈಸೂರು ಅರಣ್ಯ ರೆಗ್ಯುಲೇಷನ್ ಆಗಲಿ ಈ ಲೆಕ್ಕವನ್ನು ಬರೆದುಕೊಳ್ಳಲಿಲ್ಲ. ಬೆಟ್ಟ ಚಾಚಿರುವ ಕೊಳ್ಳೇಗಾಲ 1956ರವರೆಗೆ ಮದರಾಸಿನ ಕಡೆಗಿತ್ತು, ಚಾಮರಾಜನಗರ ಮೈಸೂರಿನದು. ಅದಕ್ಕೇ ಎರಡೂ ಕಡೆಯ ಕಡತ ಹುಡುಕದೆ ಬೆಟ್ಟದ ಚರಿತ್ರೆ ಪೂರ್ತಿಯಾಗುವುದಿಲ್ಲ.

ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ತಾಣಗಳಿರುತ್ತವೆ. ಇವಕ್ಕೆಲ್ಲ ‘ಪವಿತ್ರ ಸ್ಥಳ’ ಎಂಬ ಒಂದೇ ಹೆಸರು ಹಾಕಿ ಮುಗಿಸಬೇಡ. ಯಾವ ತಾಣ, ಯಾವ ಕುಲದ್ದು, ಯಾರು ಪೂಜೆ ಮಾಡುವವರು, ಯಾವಾಗ, ಅಲ್ಲಿ ಏನು ಮುಟ್ಟಬಾರದು: ಐದನ್ನೂ ಬೇರೆ ಬೇರೆ ಕಲಮಿನಲ್ಲಿ ಬರೆ. ಆ ಕುಲದ ಹಿರಿಯರಿಲ್ಲದೆ ತಾಣಕ್ಕೆ ಹೋಗಬೇಡ. ಬೇರೆ ಕುಲದವರು ತೋರಿಸಿದರೆ ಹೆಸರೂ ತಪ್ಪಾಗುತ್ತದೆ, ಆಮೇಲೆ ಜಗಳವೂ ಆಗುತ್ತದೆ. ದಟ್ಟ ಮರದ ಕೆಳಗೆ ಜಿಪಿಎಸ್ ಹತ್ತಿಪ್ಪತ್ತು ಮೀಟರ್ ಆಚೀಚೆ ತೋರಿಸುವುದುಂಟು. ಅಂಕಿ ನಿಲ್ಲುವವರೆಗೆ ಕಾದು ಗುರುತು ಹಾಕು. ಗಡಿಯನ್ನು ಹಳ್ಳ, ಬೋರೆ, ಬಂಡೆ ಹಿಡಿದು ನಡೆದೇ ತಿಳಿದುಕೋ. ಎರಡು ಪೋಡಿನವರೂ ನೆಲ್ಲಿಕಾಯಿ, ಜೇನಿಗೆ ಹೋಗುವ ಜಾಗದಲ್ಲಿ ಒಂದೇ ಗೆರೆ ಎಳೆದರೆ ಇಲ್ಲದ ವ್ಯಾಜ್ಯ ಹುಟ್ಟುತ್ತದೆ. ಅಂಥ ಕಡೆ ಎರಡೂ ಬಣ್ಣ ಹರಡಲಿ.

ಬೆಂಕಿಯ ವಿಷಯ ಬಂದೇ ಬರುತ್ತದೆ. ತರಗು ಬೆಂಕಿ ಅಂದರೆ ಜನವರಿ, ಫೆಬ್ರವರಿಯಲ್ಲಿ ನೆಲದ ತೇವ ಇನ್ನೂ ಆರದಿರುವಾಗ ಉದುರಿದೆಲೆಗೆ ಇಡುವ ಬೆಂಕಿ. ಅದು ಮೊಣಕಾಲೆತ್ತರ ಮೀರದೆ ಬೇಗ ಹರಿದುಹೋಗುತ್ತದೆ. ತರಗು ಉರಿಯುತ್ತದೆ, ಲಂಟಾನದ ಎಳೆಸಸಿ ಸಾಯುತ್ತದೆ, ದೊಡ್ಡ ಮರಕ್ಕೆ ತಾಗದು. ಇದನ್ನು ನಿಲ್ಲಿಸಿದರೆ ತರಗು ವರ್ಷವರ್ಷ ಪೇರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಒಂದು ಕಿಡಿ ಬಿದ್ದರೆ ಪೊದೆ ಹತ್ತಿ ಕೊಂಬೆಗೇರುತ್ತದೆ. ನೆಲ್ಲಿಮರಗಳ ಮೇಲೆ ಹಬ್ಬುವ ಉಪ್ಪಿಲು, ಅಂದರೆ ನಮ್ಮ ಬದನಿಕೆ, ಹೆಚ್ಚಾದದ್ದಕ್ಕೂ ತರಗು ಬೆಂಕಿ ನಿಂತದ್ದೇ ಕಾರಣವೆಂದು ಸೋಲಿಗರು ಹೇಳುತ್ತಾರೆ. ಲಂಟಾನವಂತೂ ಅಲಂಕಾರಕ್ಕೆಂದು ಬ್ರಿಟಿಷರೇ ತಂದ ಗಿಡ. ಈ ಬೆಟ್ಟದಲ್ಲಿ 1997ರಿಂದ 2008ರೊಳಗೆ ಅದರ ಹರವು ಹೆಚ್ಚುಕಡಿಮೆ ಎರಡರಷ್ಟಾಯಿತು. ಹಾಗೆಂದು ಎಲ್ಲವನ್ನೂ ಬೆಂಕಿ ನಿಂತದ್ದೊಂದರ ತಲೆಗೇ ಕಟ್ಟಬೇಡ, ವಿಜ್ಞಾನಿಗಳಲ್ಲೇ ಆ ಬಗ್ಗೆ ಭಿನ್ನಾಭಿಪ್ರಾಯವಿದೆ.

ಇನ್ನೊಂದು ಮಾತು. ಸೋಲಿಗರನ್ನು ಎಲೆಯನ್ನೂ ಕೀಳದ ಪ್ರಕೃತಿಪೂಜಕರೆಂದು ಹೊಗಳಿ ಬರೆಯುವವರಿದ್ದಾರೆ. ಅದೂ ಸಾಹೇಬರ ಮಾತಿನ ಮಗ್ಗುಲೇ. ಸೋಲಿಗರು ಕಡಿದಿದ್ದಾರೆ, ಸುಟ್ಟಿದ್ದಾರೆ, ಬಿತ್ತಿದ್ದಾರೆ. ದೊಡ್ಡಸಂಪಿಗೆ ಮರದ ಮುಂದೆ ಕೈಮುಗಿಯುವವರೇ ಗೆಣಸು ಅಗೆಯುವವರು.

ಹಕ್ಕಿನ ಅರ್ಜಿಗೆ ಸಂಬಂಧಿಸಿದ್ದು: 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಲ್ಲಿ ನಮೂನೆ ‘ಎ’ ವೈಯಕ್ತಿಕ, ‘ಬಿ’ ಸಮುದಾಯ, ‘ಸಿ’ ಸಮುದಾಯ ಅರಣ್ಯ ಸಂಪನ್ಮೂಲ, ಅಂದರೆ ಊರವರೇ ಬಳಸಿ ಕಾಪಾಡಿಕೊಂಡು ಬಂದ ಕಾಡು. ನಿನ್ನ ನಕ್ಷೆ ಹೆಚ್ಚಾಗಿ ಬೇಕಾಗುವುದು ‘ಸಿ’ಗೆ. ಈ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದ 2011ರಲ್ಲೇ ಹಲವು ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು, ಹುಲಿಯೆಂಬ ನೆಪ ಹೇಳಿದರೆ ಅದನ್ನು ನೆನಪಿಸು. ಉಪಗ್ರಹ ಚಿತ್ರದಲ್ಲಿ ಕಾಣುವುದಿಲ್ಲ ಎಂದು ಯಾರಾದರೂ ತಳ್ಳಿಹಾಕಿದರೆ, ಅದು ಪೂರಕ ಸಾಕ್ಷ್ಯವೇ ಹೊರತು ಬೇರೆ ಸಾಕ್ಷ್ಯಕ್ಕೆ ಬದಲಿಯಲ್ಲವೆಂದು 2012ರ ತಿದ್ದುಪಡಿ ನಿಯಮದಲ್ಲೇ ಇದೆ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆಸಿಕೊಂಡರೆ ಅದೂ ಸಾಕ್ಷ್ಯ; ಸಮಾಧಿ, ಬಾವಿ, ದೇವರ ತಾಣವೂ ಸಾಕ್ಷ್ಯ. ಗ್ರಾಮಸಭೆಗೆ ಅರ್ಧದಷ್ಟು ಸದಸ್ಯರ ಹಾಜರಿ, ಬಂದವರಲ್ಲಿ ಮೂರನೇ ಒಂದರಷ್ಟು ಹೆಂಗಸರು ಇರಲೇಬೇಕು. ಅರ್ಜಿ ಬಿದ್ದುಹೋಗುವುದಕ್ಕೆ ಸಭೆಯ ನಡಾವಳಿಯಲ್ಲಿ ಸಹಿ ಎಣಿಸದೆ ಬಿಡುವುದೂ ಒಂದು ಕಾರಣವಾಗುತ್ತದೆ.

ನಕ್ಷೆಯ ಮೊದಲ ಪ್ರತಿ ಪೋಡಿಗೆ ಕೊಡು, ಆಮೇಲೆ ನಿಮ್ಮ ಸಂಸ್ಥೆಗೆ. ತಾಣಗಳ ಅಕ್ಷಾಂಶ ರೇಖಾಂಶವನ್ನು ಅಂತರ್ಜಾಲಕ್ಕೆ ಹಾಕಬೇಡ. ರಜೆಯ ದಿನ ಜೀಪುಗಳು ಬಂದು ನಿಲ್ಲುತ್ತವೆ. ಲಂಟಾನದಲ್ಲಿ ರಕ್ತ ಹೀರುವ ಉಣ್ಣಿಯ ಕಾಟ ವಿಪರೀತ, ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ಸೇರಿಸಿಕೋ. ಆನೆ ಇರುವ ಕಡೆ ಬೆಳಕಿರುವಾಗಲೇ ಪೋಡಿಗೆ ಮರಳು.

ಇಂತಿ ನಿನ್ನ ದೊಡ್ಡಪ್ಪ